ನಮ್ಮ ಪವಿಯ ಫಾರ್ಮು

ಹರದನಹಳ್ಳಿ
6 ಏಪ್ರಿಲ್ 2025

ಗುಂಡ್ಲುಪೇಟೆಯ ಬೀಗರಾದ ನೀಲಕಂಠಸ್ವಾಮಿಯವರಿಗೆ ಶಿವರುದ್ರಮ್ಮ ಮಾಡುವ ಶರಣು.

ನಾವೆಲ್ಲ ಚೆನ್ನಾಗಿದ್ದೇವೆ. ನೀವು ಚೆನ್ನಾಗಿಲ್ಲ ಎಂಬುದು ನಿನ್ನೆ ಫೋನಿನಲ್ಲೇ ತಿಳಿಯಿತು. ಕಣ್ಣು ಮಂಜಾಗಿದೆ. ಮೈಸೂರಿಗೆ ಹೋಗಿ ತೋರಿಸಿಕೊಳ್ಳಿ.

ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡಿ. ಫೋನಿನಲ್ಲಿ ಆಡಿದ ಮಾತನ್ನು ನೀವು ಮಾರನೇ ದಿನ ‘ನಾನೆಲ್ಲಿ ಅಂದೆ?’ ಎನ್ನುತ್ತೀರಿ. ಹೆಣ್ಣು ಕೊಡುವಾಗಲೂ ಹಾಗೇ ಆಯಿತು. ನಾಗರತ್ನನಿಗೆ ಮುದ್ದೆ ತಿರುವಲು ಬರುತ್ತದೆ ಎಂದಿರಿ. ಇವತ್ತಿಗೂ ಈ ಮನೆಯಲ್ಲಿ ಮುದ್ದೆ ತಿರುವುವವಳು ನಾನೇ. ಅದಕ್ಕೆ ಇನ್ನು ಮೇಲೆ ಚೆಂಡಿನ ವಿಷಯವೆಲ್ಲ ಕಾಗದದಲ್ಲಿ. ಬರೆದದ್ದನ್ನು ಇಲ್ಲ ಎನ್ನಲು ನಿಮ್ಮಿಂದಲೂ ಆಗುವುದಿಲ್ಲ.

ನೀವು ಅಂದದ್ದು ಇದು: ‘ಪವಿ ಫಾರ್ಮಲ್ಲಿಲ್ಲ.’ ಹಾಗೆಂದರೇನು ಎಂದು ಮಗನನ್ನು ಕೇಳಿದೆ. ‘ಆಟ ಮೈಯಲ್ಲಿ ಕೂತಿರಾದು ಕನವ್ವ’ ಎಂದು ಮಹದೇವ ಬಿಡಿಸಿ ಹೇಳಿದ. ಹಾಗಾದರೆ ನನ್ನ ಮೊಮ್ಮಗಳ ಮೈಯಲ್ಲಿ ಆಟ ಕೂತಿಲ್ಲವೇ? ಆ ಹುಚ್ಚು ಹತ್ತಿಸಿದವರು ಯಾರು? ಓದಲಿ ಎಂದು ನಿಮ್ಮ ಮನೆಯಲ್ಲಿ ಬಿಟ್ಟರೆ, ಹೂವಿನ ಗಾಡಿಯ ಮುಂದುಗಡೆ ಕೂರಿಸಿಕೊಂಡು ಕೇರಳದ ಸುಲ್ತಾನ್ ಬತ್ತೇರಿಯ ಮೈದಾನಗಳನ್ನೆಲ್ಲ ತೋರಿಸಿದಿರಿ. ಈಗ ಮಗು ಡೆನ್ಮಾರ್ಕಿನಲ್ಲಿ, ನನ್ನ ನಾಲಿಗೆಗೆ ಬಾರದ ಹೆಸರಿನ ಊರಿನಲ್ಲಿ, ಒಂದು ವರ್ಷದ ಕರಾರಿನ ಮೇಲೆ ಫುಟ್‌ಬಾಲ್ ಆಡುತ್ತಿದೆ. ಮೇ ಕೊನೆಗೆ ಕ್ಲಬ್ಬಿನವರು ಇಟ್ಟುಕೊಳ್ಳುತ್ತಾರೋ ಗಂಟುಮೂಟೆ ಕಟ್ಟಿಸುತ್ತಾರೋ ತೀರ್ಮಾನ. ಇಂಥ ಹೊತ್ತಿನಲ್ಲಿ ತಾತನೇ ಬಾಯಿ ಬಿಟ್ಟುಕೊಂಡು ಓಡಾಡಿದರೆ ಹೇಗೆ?

ನಾನು ನೋಡಿದ್ದನ್ನು ಹೇಳುತ್ತೇನೆ, ಕೇಳಿ. ಮಹದೇವ ಮೊಬೈಲಿನಿಂದ ಟಿ.ವಿ.ಗೆ ಹಾಕಿಕೊಟ್ಟು ಡೈರಿಗೆ ಹೋದ. ನಾಗರತ್ನ, ಮಗಳಿಗೆ ಯಾರಾದರೂ ಕಾಲು ಕೊಟ್ಟು ಬೀಳಿಸಿದರೆ ನೋಡಲಾರೆ ಎಂದು ಎಂದಿನಂತೆ ಅಡುಗೆಮನೆ ಸೇರಿದಳು. ನಾನು, ಪಕ್ಕದ ಮನೆ ಮೂಗಮ್ಮ, ಇಬ್ಬರೇ. ಆರೂವರೆಗೆ ಶುರುವಾದದ್ದು, ಅವರೆಲ್ಲ ಸೀಟಿ ಕೇಳಿ ಒಳಗೆ ಹೋಗುವ ತನಕ ಕಣ್ಣು ಮಿಟುಕಿಸದೆ ನೋಡಿ, ಆಮೇಲೆ ಲಿಂಗಪೂಜೆಗೆ ಎದ್ದೆ. ಮಗು ಹಗ್ಗ ಬಿಚ್ಚಿದ ಕರುವಿನಂತೆ ಓಡುತ್ತಿತ್ತು. ತಪ್ಪು ಅವಳದಲ್ಲ. ಅವಳನ್ನು ಟಿ.ವಿ.ಯ ಮೇಲಂಚಿನಲ್ಲಿ, ಕಣ್ಣಿಗೆ ಇರುವೆಯಷ್ಟು ಕಾಣುವ ಕಡೆ ನಿಲ್ಲಿಸಿದ್ದಾರೆ. ನೀರು ಹಾಯದ ಕೊನೇ ಮಡಿಯಲ್ಲಿ ನಿಂತ ಪೈರಿನಂತೆ. ನಡುವೆ ಇರುವ ಆ ಬಿಳಿಕೂದಲಿನ ಹುಡುಗಿ ಚೆಂಡನ್ನು ಅತ್ತ ಕಳಿಸುವುದೇ ಇಲ್ಲ. ‘ಅವ್ಳ ಕೈ ಸೇದೋಗ’ ಎಂದು ಶಪಿಸಿದಳು ಮೂಗಮ್ಮ. ಆಟ ಕಾಲಿನದು ಎಂದು ಅವಳಿಗೆ ಇನ್ನೂ ತಿಳಿದಿಲ್ಲ.

ನಿಮ್ಮ ಮಾತನ್ನು ವಾಪಸು ತೆಗೆದುಕೊಂಡು ಕಾಗದ ಹಾಕಿ.

ಶಿವರುದ್ರಮ್ಮ


ಗುಂಡ್ಲುಪೇಟೆ
10 ಏಪ್ರಿಲ್ 2025

ಬೀಗಿತಿಯವರಿಗೆ ನೀಲಕಂಠಸ್ವಾಮಿಯ ಶರಣು.

ಕಾಗದ ಮುಟ್ಟಿತು. ಅಕ್ಷರ ಗುಂಡಾಗಿದೆ, ವಿಷಯ ಸೊಟ್ಟಗಿದೆ. ನನ್ನ ಕಣ್ಣಿಗೆ ಏನೂ ಆಗಿಲ್ಲ. ಚೆಂಡುಹೂವಿನ ಮೂಟೆಯಲ್ಲಿ ಒಂದು ಕೊಳೆತ ಹೂವಿದ್ದರೂ ಹೊರಗಿನಿಂದಲೇ ಹೇಳುತ್ತೇನೆ.

ನಲವತ್ತು ವರ್ಷದಿಂದ ಕೇರಳದ ಆಟ ನೋಡಿದವನಿಗೆ ನೀವು ಅಂಚಿನಲ್ಲಿ ಓಡುವ ವಿಂಗರ್ ವಿಷಯ ಹೇಳಿಕೊಡಬೇಕೇ? ಶನಿವಾರ ಕೇರಳದ ಗಾಡಿಗೆ ಹೂವು ತುಂಬಿಸಿ ಕಳಿಸಿ, ನೇರ ಅಷ್ರಫನ ಬೇಕರಿಯಲ್ಲಿ ಕೂತೆ. ಅಲ್ಲಿ ದೊಡ್ಡ ಟಿ.ವಿ. ಇದೆ. ಪವಿ ಆಡಿದ್ದು ಕೆಳ ಅಂಚಿನಲ್ಲಿ, ನಮ್ಮ ಮೂಗಿನ ಕೆಳಗೆ, ಆಟ ಕಲಿಸುವ ಕೋಚಮ್ಮನ ಎದುರಿಗೇ. ಮುಖದ ಬೆವರೂ ಕಾಣುತ್ತಿತ್ತು. ಮೇಲಂಚಿನಲ್ಲಿ ಇದ್ದವಳು ಬೇರೆ ಯಾರೋ. ಯಾರ ಮಗಳನ್ನೋ ನೋಡಿ ಹೊಗಳಿದ್ದೀರಿ.

ಚೆಂಡು ಬರುವುದಿಲ್ಲ ಎನ್ನುತ್ತೀರಲ್ಲ, ಬೇಕಾದಷ್ಟು ಬಂತು. ಬಂದದ್ದನ್ನೆಲ್ಲ ಕಳೆದುಕೊಂಡಳು. ಎದುರಿನವಳು ಪಕ್ಕದಲ್ಲಿ ಹಾದು ಹೋದರೂ ತಿರುಗಿ ಓಡಲಿಲ್ಲ. ಸೊಂಟದ ಮೇಲೆ ಕೈ ಇಟ್ಟುಕೊಂಡು, ಬಸ್ಸು ತಪ್ಪಿದವರ ಹಾಗೆ ನಿಂತಿದ್ದಳು. ಬೇಕರಿಯಲ್ಲಿ ಎರಡು ಪಂಗಡವಾಗಿದೆ. ಅಷ್ರಫ್, ‘ಸ್ವಾಮೀ, ಹುಡುಗಿ ಕಾಲು ಭಾರ ಆಗಿದೆ, ಹೊರಗೆ ಕೂರಿಸ್ಬೇಕು’ ಎನ್ನುತ್ತಾನೆ. ಬಾಳೆಮಂಡಿ ರಘುನಾಥ, ‘ನಮ್ಮೂರ ಹುಡುಗೀನ ಕೂರಿಸು ಅನ್ನೋಕೆ ನೀನ್ಯಾವನ್ಲಾ?’ ಎಂದು ಅವನ ಮೇಲೆ ಬಿದ್ದ. ಪಫ್ಸ್ ತಟ್ಟೆ ನೆಲಕ್ಕೆ ಬಿತ್ತು. ನಾನು ಯಾರ ಕಡೆಯೂ ಸೇರಲಿಲ್ಲ. ಆದರೆ ಸತ್ಯ ಅಷ್ರಫನ ಕಡೆ ಇದೆ.

ನನಗೇನು ಸಂತೋಷವೇ ಬೀಗಿತಿಯವರೇ? ಕೈ ಹಿಡಿದು ಮೈದಾನಕ್ಕೆ ಕರೆದುಕೊಂಡು ಹೋದವನು ನಾನು. ಫಾರ್ಮು ಹೋಗಿದೆ ಎಂದು ಒಪ್ಪಿಕೊಂಡರೆ ತಾನೇ ಮದ್ದು ಹುಡುಕುವುದು?

ನಾಗರತ್ನ ಮುದ್ದೆ ತಿರುವುತ್ತಿದ್ದಳು. ನಿಮ್ಮ ಮನೆಗೆ ಬಂದ ಮೇಲೆ ಮರೆತಳು.

ನೀಲಕಂಠಸ್ವಾಮಿ


ಹರದನಹಳ್ಳಿ
14 ಏಪ್ರಿಲ್ 2025

ಬೀಗರಿಗೆ,

ಶರಣು ಆಮೇಲೆ ಹೇಳುತ್ತೇನೆ. ಮೊದಲು ಜಗಳ.

ಹೆತ್ತವಳ ಅತ್ತೆಗೆ ಮೊಮ್ಮಗಳ ಗುರುತು ಸಿಗುವುದಿಲ್ಲವೇ? ಆ ನಡಿಗೆ, ಎಡಗಾಲು ಸ್ವಲ್ಪ ಹೊರಗೆ ಹಾಕುವುದು, ನನ್ನ ಯಜಮಾನರದ್ದು. ಬೆನ್ನಿನ ಮೇಲೆ ಅವಳ ಹೆಸರೂ ಇದೆ ಎಂದು ಮಹದೇವ ಓದಿ ಹೇಳಿದ. ಮೊನ್ನೆ ಶನಿವಾರವೂ ಮೇಲಂಚಿನಲ್ಲೇ ಇದ್ದಳು. ಟಿ.ವಿ.ಯ ಮೇಲುಗಡೆ ಸಹಕಾರ ಬ್ಯಾಂಕಿನ ಕ್ಯಾಲೆಂಡರ್ ನೇತು ಹಾಕಿದ್ದೇವೆ. ಮಗು ಓಡಿದ್ದೆಲ್ಲ ಆ ಕ್ಯಾಲೆಂಡರಿನ ಬುಡದಲ್ಲಿ. ಮಾದಪ್ಪನಾಣೆ. ಮೂಗಮ್ಮ ಸಾಕ್ಷಿ. ಬೇಕಾದರೆ ಗೋಡೆಯನ್ನೂ ಸಾಕ್ಷಿಗೆ ಕರೆಯಿರಿ.

ಸೊಂಟದ ಮೇಲೆ ಕೈ ಇಟ್ಟು ನಿಲ್ಲುವುದು ನಮ್ಮ ಮನೆಯ ಅಭ್ಯಾಸವಲ್ಲ. ನಿಮ್ಮ ಮಗಳದು. ಒಲೆಯ ಮೇಲೆ ಹಾಲು ಉಕ್ಕುವಾಗಲೂ ಹಾಗೇ ನಿಲ್ಲುತ್ತಾಳೆ. ಪವಿ ಹಾಗೆ ನಿಂತಿದ್ದನ್ನು ನಾನು ಒಂದು ಸಲವೂ ನೋಡಿಲ್ಲ. ಈ ಸಲ ಒಂದು ಚೆಂಡು ಸಿಕ್ಕಿದ್ದೇ ತಡ, ಇಬ್ಬರನ್ನು ದಾಟಿಸಿ ಗೆರೆಯ ತನಕ ಹೋಗಿ ಒಳಗೆ ಒದ್ದಳು. ಬಿಳಿಕೂದಲಿನವಳು ತಲೆ ಕೊಡದೆ ತಪ್ಪಿಸಿಕೊಂಡಳು. ತಲೆಗೂದಲು ಕೆಡುತ್ತದೆ ಎಂದಿರಬೇಕು.

ನಿಮ್ಮ ಬೇಕರಿಯವರಿಗೆ ಹೇಳಿ, ಬನ್ನು ಸುಡುವ ಕೆಲಸ ನೋಡಿಕೊಳ್ಳಲಿ. ಕೂರಿಸಬೇಕಂತೆ! ಮದುವೆಮನೆಯೇ, ಹಸೆಮಣೆಯ ಮೇಲೆ ಕೂರಿಸಲು?

ಮದ್ದು ಹುಡುಕಬೇಕು ಎಂದಿದ್ದೀರಿ. ಹುಡುಕಬೇಕಾದದ್ದನ್ನು ನಾನು ಯಾವತ್ತೋ ಹುಡುಕಿ, ಹೇಳಬೇಕಾದವರಿಗೆ ಹೇಳಿ, ಮಾಡಿಸುತ್ತಿದ್ದೇನೆ. ಏನೆಂದು ಕೇಳಬೇಡಿ. ನಿಮಗೆ ಹೇಳಿದರೆ ಬೇಕರಿಗೆ ಹೇಳಿದ ಹಾಗೆ.

ಈಗ ಶರಣು.

ಶಿವರುದ್ರಮ್ಮ


ಗುಂಡ್ಲುಪೇಟೆ
21 ಏಪ್ರಿಲ್ 2025

ಬೀಗಿತಿಯವರಿಗೆ ಶರಣು.

ನಿಮ್ಮ ಮನೆಯ ಟಿ.ವಿ.ಯನ್ನು ತಲೆಕೆಳಗು ಇಟ್ಟಿದ್ದೀರಾ, ಮಹದೇವನಿಂದ ಒಮ್ಮೆ ನೋಡಿಸಿ.

ತಮಾಷೆ ಸಾಕು. ನಾಗರತ್ನ ನಿಮಗೆ ಹೇಳಿರಲಿಕ್ಕಿಲ್ಲ, ಹೇಳಿದರೆ ನೀವು ಕೂಗಾಡುತ್ತೀರಿ ಎಂದು. ನನಗೆ ಹೇಳಿದಳು. ಕೋಚಮ್ಮ ಪವಿಯನ್ನು ಕರೆದು, ಕೊನೆಯ ಆಟಗಳಲ್ಲಿ ಪೂರ್ತಿ ಹೊತ್ತು ನಿಲ್ಲುವ ಕಸುವು ತೋರಿಸಿದರೆ ಮಾತ್ರ ಮುಂದಿನ ಮಾತು ಎಂದಿದ್ದಾಳಂತೆ. ಇಲ್ಲದಿದ್ದರೆ ಜೂನ್‌ಗೆ ವಿಮಾನ. ಅದಕ್ಕೇ ಹೇಳುತ್ತಿದ್ದೇನೆ, ನೀವು ಕೈ ಚಪ್ಪಾಳೆ ಹೊಡೆಯುತ್ತ ಕೂತರೆ ಮಗುವಿಗೆ ಒಳ್ಳೆಯದಾಗುವುದಿಲ್ಲ.

ಒಂದು ಪಂಥ ಕಟ್ಟೋಣ. ಬರುವ 26ರ ಆಟವನ್ನು ನೀವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ. ನಾನೂ ನೋಡುತ್ತೇನೆ. ಯಾರು ಸುಳ್ಳು ಹೇಳಿದ್ದಾರೋ ಅವರು ಬೀಗರ ಮನೆಗೆ ಬಂದು ಒಂದು ದಿನ ಬಾಯಿ ಮುಚ್ಚಿಕೊಂಡು ಕೂರಬೇಕು. ಇದರಲ್ಲಿ ನಿಮಗೇ ಹೆಚ್ಚು ಕಷ್ಟ.

ನೀವು ಮಾಡಿಸುತ್ತಿರುವುದು ಏನೆಂದು ನಾನು ಕೇಳುವುದಿಲ್ಲ. ನನ್ನ ಕಡೆಯಿಂದಲೂ ಒಂದು ನಡೆಯುತ್ತಿದೆ. ನೀವೂ ಕೇಳಬೇಡಿ.

ನೀಲಕಂಠಸ್ವಾಮಿ


ಹರದನಹಳ್ಳಿ
27 ಏಪ್ರಿಲ್ 2025

ಬೀಗರಿಗೆ ಶಿವರುದ್ರಮ್ಮನ ಶರಣು.

ನಿನ್ನೆ ನಿಮ್ಮನ್ನು ಸುಳ್ಳುಗಾರ ಎನಿಸಲೇಬೇಕೆಂದು ಐದು ಗಂಟೆಗೇ ಮಿಂದು, ಲಿಂಗಪೂಜೆ ಮುಗಿಸಿ, ಎಲೆಅಡಿಕೆ ತಟ್ಟೆ ಮಡಿಲಲ್ಲಿಟ್ಟುಕೊಂಡು ಕೂತೆ. ಸೀಟಿ ಊದಿ ಎಲ್ಲರೂ ಒಳಗೆ ಹೋದರು. ಪ್ರತಿ ಸಲವೂ ಆಗ ನಾನು ಪೂಜೆಗೆ ಏಳುತ್ತಿದ್ದೆ. ಉಳಿದದ್ದೂ ಹೀಗೇ ಇರುತ್ತದೆ, ಅನ್ನ ಬೆಂದಿದೆಯೋ ಎಂದು ಒಂದು ಅಗುಳು ಹಿಸುಕಿ ನೋಡಿದರೆ ಸಾಕಲ್ಲ ಎಂದುಕೊಂಡಿದ್ದೆ. ನಿನ್ನೆ ಏಳಲಿಲ್ಲ.

ತಿರುಗಿ ಬಂದರು. ಬಂದವರು ಮನೆ ಬದಲಾಯಿಸಿಕೊಂಡಂತೆ ಆ ಕಡೆಯವರು ಈ ಕಡೆ, ಈ ಕಡೆಯವರು ಆ ಕಡೆ ನಿಂತರು. ಮೂಗಮ್ಮ ಎದ್ದು ನಿಂತು, ‘ಅಯ್ಯಯ್ಯೋ, ಎಲ್ರೂ ದಾರಿ ತಪ್ಪವ್ರೆ ಕನಕ್ಕಾ, ಯಾರಾದ್ರೂ ಹೇಳ್ರವ್ವಾ!’ ಎಂದು ಟಿ.ವಿ.ಗೆ ಕೈ ಬೀಸಿದಳು. ನಮ್ಮ ಪವಿ ಕ್ಯಾಲೆಂಡರಿನ ಬುಡ ಬಿಟ್ಟು ಕೆಳ ಅಂಚಿಗೆ ಬಂದಿತ್ತು. ಡೈರಿಯಿಂದ ಬಂದ ಮಹದೇವನನ್ನು ಕೇಳಿದರೆ, ‘ಅರ್ಧ ಆದ್ಮೇಲೆ ದಿಕ್ಕು ಬದಲಾಯ್ತದೆ ಕನವ್ವ, ಎಡಗಡೆ ಆಡೋಳು ಎಡಗಡೇನೆ ಇರ್ತಳೆ, ನಮ್ಗೆ ಕಾಣೋದು ಬ್ಯಾರೆ ಕಡೆ’ ಎಂದ. ಇಷ್ಟು ದಿನ ಯಾಕೆ ಹೇಳಲಿಲ್ಲವೋ ಎಂದರೆ, ‘ನೀನು ಯಾವತ್ತು ಪೂರ್ತಿ ನೋಡ್ದೆ?’ ಎನ್ನುತ್ತಾನೆ.

ಹಾಗಾಗಿ ನೀವು ಸುಳ್ಳು ಹೇಳಿಲ್ಲ. ಅರ್ಧ ಹೇಳಿದ್ದೀರಿ. ಹೂವಿನ ಗಾಡಿ ಕಳಿಸಿ ಬರುವ ಹೊತ್ತಿಗೆ ಅರ್ಧ ಆಟ ಮುಗಿದಿರುತ್ತದೆ ಎಂದು ನಾಗರತ್ನ ಈಗ ಬಾಯಿ ಬಿಟ್ಟಳು.

ಬೀಗರೇ, ಎರಡನೇ ಅರ್ಧದಲ್ಲಿ ನಾನು ಕಂಡದ್ದು ನನ್ನ ಪವಿಯಲ್ಲ. ಒಂದು ಗಳಿಗೆ ಓಡಿತು. ಆಮೇಲೆ ಗೆರೆಯ ಹತ್ತಿರ ನಿಂತು, ಸೊಂಟಕ್ಕೆ ಕೈ ಕೊಟ್ಟು, ತಲೆ ಬಗ್ಗಿಸಿತು. ನೀವು ಬರೆದ ಹಾಗೇ. ಎದುರಿನವಳು ಭುಜ ತಾಗಿಸಿದ್ದಕ್ಕೇ ಬಿದ್ದುಹೋಯಿತು. ಮೂಗಮ್ಮನೂ ಬೈಯುವುದನ್ನು ನಿಲ್ಲಿಸಿಬಿಟ್ಟಳು. ಕೋಚಮ್ಮ ಹೆಸರು ಕೂಗಿ ಹೊರಗೆ ಕರೆದುಕೊಂಡಳು. ಹೊದಿಕೆ ಹೊದ್ದು ಕೂತಿದ್ದನ್ನು ಒಂದೇ ಒಂದು ಸಲ ತೋರಿಸಿದರು.

ಮೊದಲ ಅರ್ಧದಲ್ಲಿ ಕರು, ಎರಡನೆಯದರಲ್ಲಿ ಹೀಗೆ. ಇದಕ್ಕೇನು ಕಾರಣ? ಏನಾದರೂ ಕಾಯಿಲೆಯೇ? ನೀವು ಏನಾದರೂ ಬಲ್ಲಿರಾ? ಬಲ್ಲದ್ದಿದ್ದರೆ ಮುಚ್ಚಬೇಡಿ.

ಶಿವರುದ್ರಮ್ಮ


ಗುಂಡ್ಲುಪೇಟೆ
27 ಏಪ್ರಿಲ್ 2025

ಬೀಗಿತಿಯವರಿಗೆ ಶರಣು.

ನಿಮ್ಮ ಕಾಗದಕ್ಕೆ ಕಾಯದೆ ಬರೆಯುತ್ತಿದ್ದೇನೆ.

ನಿನ್ನೆ ಹೂವಿನ ಗಾಡಿಯನ್ನು ಹುಡುಗರ ಮೇಲೆ ಬಿಟ್ಟು, ಡ್ರೈವರಿನಿಂದ ಮಲಯಾಳದಲ್ಲಿ ಬೈಸಿಕೊಂಡು, ಶುರುವಿನಿಂದಲೇ ಬೇಕರಿಯಲ್ಲಿ ಕೂತೆ. ಮೇಲಂಚಿನಲ್ಲಿ ಒಂದು ಹುಡುಗಿ ಬಂಡೀಪುರದ ರಸ್ತೆ ದಾಟುವ ಜಿಂಕೆಯ ಹಾಗೆ ಹಾರುತ್ತಿದ್ದಳು. ‘ಯಾರ್ಲಾ ಅದು?’ ಎಂದೆ. ಅಷ್ರಫ್ ನನ್ನ ಮುಖ ನೋಡಿ, ‘ಸ್ವಾಮೀ, ಅದು ನಿಮ್ಮ ಮೊಮ್ಮಗಳು’ ಎಂದ. ಇಡೀ ಬೇಕರಿ ನಕ್ಕಿತು. ನಲವತ್ತು ವರ್ಷ ಆಟ ನೋಡಿದವನು ನಾನು. ಅರ್ಧಕ್ಕೆ ದಿಕ್ಕು ಬದಲಾಗುವುದು ಗೊತ್ತಿಲ್ಲದವನಲ್ಲ. ಬೀಗಿತಿ ಅರ್ಧಕ್ಕೇ ಎದ್ದು ಹೋಗಿರಬಹುದು ಎಂಬುದೊಂದು ತಲೆಗೆ ಹೊಳೆಯಲಿಲ್ಲ, ಅಷ್ಟೇ. ನಾನೂ ಅರ್ಧವೇ ನೋಡುತ್ತಿದ್ದೆ ಎಂಬುದಂತೂ ಹೊಳೆಯಲೇ ಇಲ್ಲ.

ನೀವು ನೋಡಿದ ಪವಿ ನಿಜ. ಅವಳನ್ನು ನಾನು ಈ ವರ್ಷ ಮೊದಲ ಸಲ ನೋಡಿದೆ. ಕಣ್ಣು ತುಂಬಿ ಬಂತು, ಬೇಕರಿ ಹೊಗೆ ಎಂದೆ.

ಆದರೆ ಆಮೇಲೆ ಏಕೆ ಹಾಗಾಗುತ್ತಾಳೆ? ಫಾರ್ಮು ಹೋದವಳು ಮೊದಲ ಅರ್ಧ ಹಾಗೆ ಆಡಲಾರಳು. ‘ಇದು ಹೊಟ್ಟೆಗಿಲ್ಲದೋರ ಓಟ’ ಎಂದ ರಘುನಾಥ. ಅಲ್ಲಿ ಮಾಂಸ ಮುಟ್ಟದವರಿಗೂ ಊಟಕ್ಕೇನೂ ಕೊರತೆಯಿಲ್ಲ ಎಂದು ಅವಳೇ ಹೇಳಿದ್ದಳಲ್ಲ. ನಿಮಗೆ ಏನಾದರೂ ಗೊತ್ತೇ? ಇದ್ದರೆ ತಿಳಿಸಿ. ನನ್ನಿಂದಂತೂ ಏನೂ ಆಗಿಲ್ಲ.

ನೀಲಕಂಠಸ್ವಾಮಿ


ಹರದನಹಳ್ಳಿ
30 ಏಪ್ರಿಲ್ 2025

‘ನನ್ನಿಂದಂತೂ ಏನೂ ಆಗಿಲ್ಲ’ ಎಂದು ಬರೆದ ಬೀಗರಿಗೆ,

ನೆಟ್ಟಗೆ ಕೂತುಕೊಂಡು ಓದಿ.

ನಿಮ್ಮ ಕಾಗದದಲ್ಲಿ ಹೊಟ್ಟೆಗಿಲ್ಲದವರ ಮಾತು ಓದಿದ್ದೇ, ನಾಗರತ್ನನಿಂದ ಫೋನು ಹಚ್ಚಿಸಿ ಮಗುವಿನ ಮುಖ ನೋಡಿದೆ. ಅಡ್ಡ ಮಾತು ಆಡಲಿಲ್ಲ.

‘ಯಾಕಮ್ಮಿ, ಅರ್ಧ ಆಟಕ್ಕೆ ಎಣ್ಣೆ ತೀರಿದ ದೀಪದಂಗೆ ಆಯ್ತೀಯೆ?’

‘ಏನಿಲ್ಲ ಬುಡಜ್ಜಿ.’

‘ಬುಡಕ್ಕಿಲ್ಲ. ಹೇಳು.’

‘ಹೊಟ್ಟೆ ಹಸೀತದೆ ಅಜ್ಜಿ.’

‘ಆ ಊರಲ್ಲಿ ಉಣ್ಣಕ್ಕೆ ಬರವಾ?’

‘ಬರ ಇಲ್ಲ. ನೀನೇ ಉಣ್ಬ್ಯಾಡ ಅಂದಲ್ಲ.’

ಪಕ್ಕದಲ್ಲಿ ನಾಗರತ್ನ ಸೊಂಟಕ್ಕೆ ಕೈ ಕೊಟ್ಟು ನನ್ನನ್ನೇ ನೋಡುತ್ತಿದ್ದಳು. ಹೌದು, ನಾನು ಹೇಳಿದ್ದೆ. ಮಗುವಿಗೆ ಅಲ್ಲಿ ನೆಲೆ ಸಿಗಲಿ ಎಂದು ಮಾದಪ್ಪನಿಗೆ ಹರಕೆ: ಆಟದ ದಿನ ಬೆಳಗಿನಿಂದ ಆಟ ಮುಗಿಯುವ ತನಕ ಅವಳ ಬಾಯಿಗೆ ಅನ್ನ ಇಲ್ಲ.

‘ಒಂದೊತ್ತು ಬುಟ್ರೆ ಯಾರೂ ಬೀಳಕ್ಕಿಲ್ಲ ಕನಮ್ಮಿ. ನಾವೆಲ್ಲ ಒಪ್ಪೊತ್ತು ಇದ್ಕೊಂಡೇ ಹೊಲ ಗೇದಿಲ್ವಾ?’

‘ಒಂದೊತ್ತಾದ್ರೆ ತಡೀತಿದ್ದೆ. ಶುಕ್ರವಾರ ರಾತ್ರಿದು ತಾತಂದು.’

‘ಯಾವ ತಾತ?’

‘ನಂಗೆ ಇರೋರು ಒಬ್ರೇ ತಾತ ಅಲ್ವಾ ಅಜ್ಜಿ? ಆಟದ ಹಿಂದಿನ ರಾತ್ರಿ ಉಪಾಸ ಇರು, ಮಾದಪ್ಪಂಗೆ ಹರಸ್ಕಂಡಿದ್ದೀನಿ ಅಂದ್ರು.’

‘ಮತ್ತೆ ನಂಗ್ಯಾಕೆ ಹೇಳ್ನಿಲ್ಲ?’

‘ಅಜ್ಜಿಗೆ ಹೇಳ್ಬ್ಯಾಡ, ಆಡ್ಕತಳೆ ಅಂದ್ರು ತಾತ. ತಾತಂಗೆ ಹೇಳ್ಬ್ಯಾಡ, ಬೇಕರಿ ತುಂಬ ಸಾರ್ತರೆ ಅಂದೆ ನೀನು. ಇಬ್ರೂವೆ ಆಣೆ ಇಕ್ಸಿದ್ರಿ. ನಾ ಯಾರ್ ಮಾತ ಮೀರ್ಲಿ?’

ಕೇಳಿದಿರಾ? ಶುಕ್ರವಾರ ಮಧ್ಯಾಹ್ನ ಉಂಡ ಮಗು, ಶನಿವಾರ ಆಟ ಮುಗಿಯುವ ತನಕ ನೀರು ಕುಡಿದು, ಒಂದು ಬಾಳೆಹಣ್ಣು ತಿಂದು, ಆ ಚಳಿಯಲ್ಲಿ ನಿಮ್ಮ ಮಾನ ನನ್ನ ಮಾನ ಎರಡನ್ನೂ ಹೊತ್ತುಕೊಂಡು ಓಡುತ್ತಿದೆ. ಹೊಟ್ಟೆಯಲ್ಲಿ ಇದ್ದಬದ್ದದ್ದು ಮೊದಲ ಅರ್ಧಕ್ಕೆ ಸಾಲುತ್ತದೆ. ಅದನ್ನು ನಾನು ನೋಡಿ ಹಿಗ್ಗುತ್ತಿದ್ದೆ. ಖಾಲಿಯಾದದ್ದನ್ನು ನೀವು ನೋಡಿ ಫಾರ್ಮು ಫಾರ್ಮು ಎಂದು ಬೇಕರಿ ಅಳೆಯುತ್ತಿದ್ದಿರಿ.

ಶುಕ್ರವಾರ ರಾತ್ರಿ ನಿಮಗೆ ಯಾರು ಕೊಟ್ಟರು? ನಾನು ಶನಿವಾರವನ್ನು ಮೊದಲೇ ಹಿಡಿದಿದ್ದೆ. ಆ ಮಾದಪ್ಪನಾದರೂ ಒಂದೇ ಮಗುವಿನ ಮೇಲೆ ಎರಡು ಮನೆಯಿಂದ ಹರಕೆ ಬಂದದ್ದನ್ನು ನೋಡಿ ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು?

ಹರಕೆಯನ್ನು ಅರ್ಧಕ್ಕೆ ಬಿಡುವಂತಿಲ್ಲ, ಅದೂ ನಿಜ. ಏನು ಮಾಡೋಣ ಹೇಳಿ. ಬೇಗ ಹೇಳಿ. ನಿಮ್ಮ ಮೇಲಿನ ಸಿಟ್ಟು ಹಾಗೇ ಇದೆ.

ಶಿವರುದ್ರಮ್ಮ


ಗುಂಡ್ಲುಪೇಟೆ
5 ಮೇ 2025

ಬೀಗಿತಿಯವರಿಗೆ ಶರಣು.

ಕಾಗದವನ್ನು ಎರಡು ಸಲ ಓದಿದೆ. ಎರಡು ಸಲವೂ ತಪ್ಪು ನಮ್ಮಿಬ್ಬರ ನಡುವೆ ಸರಿಸಮ ಹಂಚಿಹೋಯಿತು. ನೀವು ನನ್ನ ಪಾಲು ಹೆಚ್ಚು ಎನ್ನುತ್ತೀರಿ, ತಿಳಿದದ್ದೇ.

ಹರಕೆಯನ್ನು ಕಟ್ಟಿದವರು ನಾವು. ಹೊಟ್ಟೆ ಕಟ್ಟಿದವಳು ಅವಳು. ನಮ್ಮ ಹಿರಿಯರು ಮಕ್ಕಳು ಹರಕೆ ತೀರಿಸಲಾರದಾಗ ತಾವೇ ಹೊತ್ತು ತೀರಿಸುತ್ತಿರಲಿಲ್ಲವೇ? ಶುಕ್ರವಾರ ರಾತ್ರಿಯ ಉಪವಾಸ ನನ್ನ ಮೇಲೆ. ಶನಿವಾರ ಬೆಳಗಿನದು ನಿಮ್ಮ ಮೇಲೆ. ಹುಡುಗಿ ಉಣ್ಣಲಿ. ನಿಮ್ಮ ಕಾಗದ ಶುಕ್ರವಾರ ಮುಟ್ಟಿತು. ನಿಮಗೆ ಬರೆದು ಕಾಯಲು ಹೊತ್ತಿರಲಿಲ್ಲ, ಅವಳಿಗೇ ಫೋನು ಮಾಡಿ ಆಣೆ ಬಿಡಿಸಿದೆ. ‘ತಾತ, ನಿಜವಾಗ್ಲೂ ಉಣ್ಲಾ?’ ಎಂದು ಕೇಳಿದಳು. ಆ ಕೇಳಿದ ರೀತಿಗೆ ಆ ರಾತ್ರಿಯ ಉಪವಾಸ ಏನೇನೂ ಅನ್ನಿಸಲಿಲ್ಲ.

ಮೊನ್ನೆ ಶನಿವಾರದ ಆಟ ನೋಡಿದಿರಾ, ಪೂರ್ತಿ? ಸೋತರು, ಬಿಡಿ. ಆದರೆ ಇನ್ನೇನು ಮುಗಿಯಬೇಕು ಎನ್ನುವಾಗ ಕೆಳ ಅಂಚಿನಲ್ಲಿ ಅವಳು ಓಡಿದ ಓಟಕ್ಕೆ ರಘುನಾಥ ಬೆಂಚು ಹತ್ತಿ ನಿಂತ. ಸೊಂಟದ ಮೇಲೆ ಕೈಯೇ ಇಲ್ಲ.

ಇನ್ನೂ ಒಂದು. ಕ್ಲಬ್ಬಿನ ಕಾಗದಕ್ಕೆ ಅವಳ ಸಹಿ ಬೀಳುವ ತನಕ ನಾನು ದಿನವೂ ಒಂದೇ ಹೊತ್ತು ಉಣ್ಣುತ್ತೇನೆ ಎಂದು ಮಾದಪ್ಪನಿಗೆ ಹೇಳಿಕೊಂಡಿದ್ದೇನೆ. ಈ ಸಲ ಮುಚ್ಚುಮರೆ ಇಲ್ಲ, ನಿಮಗೆ ತಿಳಿಸಿದ್ದೇನೆ. ಪೈಪೋಟಿಗೆ ಬರಬೇಡಿ.

ನೀಲಕಂಠಸ್ವಾಮಿ


ಹರದನಹಳ್ಳಿ
11 ಮೇ 2025

ಬೀಗರಿಗೆ ಶರಣು.

ಪೈಪೋಟಿಗೆ ಬಂದಿದ್ದೇನೆ. ನಿಮ್ಮ ಕಾಗದ ಬಂದ ದಿನದಿಂದ ನನಗೂ ಒಪ್ಪೊತ್ತು. ಮೇಲೆ ಎಲೆಅಡಿಕೆಯನ್ನೂ ಬಿಟ್ಟಿದ್ದೇನೆ. ಮಡಿಲಲ್ಲಿ ಖಾಲಿ ತಟ್ಟೆ ಇಟ್ಟುಕೊಂಡು ಆಟ ನೋಡುವುದು ಎಷ್ಟು ಕಷ್ಟ ಎಂದು ನಿಮಗೇನು ಗೊತ್ತು? ಬಾಯಿಗೆ ಬೇರೆ ಕೆಲಸವಿಲ್ಲದೆ ಬೈಗುಳ ಹೆಚ್ಚಾಗಿದೆ ಎಂದು ನಾಗರತ್ನ ದೂರುತ್ತಾಳೆ.

ನಿನ್ನೆ ಗೆದ್ದರಲ್ಲ! ಬಿಳಿಕೂದಲಿನವಳು ಕಡೆಗೂ ಪವಿ ಕಳಿಸಿದ ಚೆಂಡಿಗೆ ತಲೆ ಕೊಟ್ಟಳು. ಮಗು ಓಡಿ ಹೋಗಿ ಅವಳನ್ನು ಅಪ್ಪಿಕೊಂಡಿತು. ನಾನು ಅವಳ ಮೇಲೆ ಆಡಿದ್ದನ್ನೆಲ್ಲ ವಾಪಸು ತೆಗೆದುಕೊಂಡೆ. ಮೂಗಮ್ಮ ತೆಗೆದುಕೊಂಡಿಲ್ಲ.

ಒಂದು ಮಾತು ನಿಮ್ಮಲ್ಲೇ ಇರಲಿ. ಕ್ಲಬ್ಬಿನವರು ಬೇಡ ಎಂದು ಮಗುವನ್ನು ಕಳಿಸಿಬಿಟ್ಟರೆ ಎಂದು ಪಡಸಾಲೆಯ ಮಂಚ ಕೊಡವಿ, ಹೊಸ ದುಪ್ಪಟಿ ಹಾಸಿದ್ದೆ. ಹಾಸುವಾಗ ಮನಸ್ಸಿಗೆ ಹಿತವಾಗಿಯೇ ಇತ್ತು. ನಿನ್ನೆ ಆಟ ಮುಗಿದ ಮೇಲೆ ದುಪ್ಪಟಿ ಮಡಿಸಿ ಒಳಗಿಟ್ಟು, ಮಂಚದ ಮೇಲೆ ಮೆಣಸಿನಕಾಯಿ ಹರವಿಬಿಟ್ಟೆ.

ಶಿವರುದ್ರಮ್ಮ


ಹರದನಹಳ್ಳಿ
28 ಮೇ 2025

ಬೀಗರಾದ ನೀಲಕಂಠಸ್ವಾಮಿಯವರಿಗೆ ಶಿವರುದ್ರಮ್ಮನ ಶರಣು.

ಕ್ಲಬ್ಬಿನವರು ಒಪ್ಪಿದ್ದಾರೆ. ಎರಡು ವರ್ಷ. ಕೊನೆಯ ಆಟದಲ್ಲಿ ಪೂರ್ತಿ ಹೊತ್ತು ಓಡಿದ್ದಕ್ಕೆ ಕೋಚಮ್ಮನೇ ಬಂದು ಬೆನ್ನು ತಟ್ಟಿದಳಂತೆ. ಇಷ್ಟು ನಿಮಗೆ ಗೊತ್ತು, ಬೇಕರಿಯಲ್ಲಿ ಲಾಡು ಹಂಚಿದಿರಿ ಎಂಬುದು ನನಗೂ ಗೊತ್ತು. ಹಂಚಿದಿರಿ, ತಿನ್ನಲಿಲ್ಲ. ಹೂವಿನ ತಕ್ಕಡಿಯ ಹತ್ತಿರ ತಲೆ ಸುತ್ತಿ ಕೂತುಬಿಟ್ಟಿರಿ. ನಾಗರತ್ನ ಅಳುತ್ತ ಅದನ್ನೂ ಮಗಳಿಗೆ ಹೇಳಿದಳು. ನಾನು ಒಪ್ಪೊತ್ತಿರುವುದನ್ನೂ ಸೇರಿಸಿಯೇ ಹೇಳಿದಳು.

ನಿನ್ನೆ ಸಂಜೆ ಮಗು ಫೋನು ಮಾಡಿತು. ಮುಖ ಗಂಟು.

‘ಅಜ್ಜಿ, ಕಾಗ್ದ ನನ್ನ ಮುಂದೇನೆ ಅದೆ. ಶುಕ್ರವಾರದ ಗಂಟ ಟೈಮ್ ಕೊಟ್ಟವ್ರೆ. ನೀವಿಬ್ರೂ ಎರಡೊತ್ತು ಉಣ್ಣೋ ಗಂಟ ಸೈನ್ ಮಾಡಕ್ಕಿಲ್ಲ.’

‘ಹುಚ್ಚು ಮುಂಡೇದೆ, ನೀ ಸಹಿ ಮಾಡೋ ಗಂಟ ನಾವ್ ಉಣ್ಣಂಗಿಲ್ಲ ಕನಮ್ಮಿ, ಹರಕೆ ಅದು!’

‘ನಂದೂ ಹರಕೇನೆ. ನಿನ್ನ ಮೊಮ್ಮಗಳು ಅಲ್ವಾ.’

ನೋಡಿ ಫಜೀತಿ. ಅವಳು ಸಹಿ ಹಾಕದೆ ನಾವು ಉಣ್ಣುವಂತಿಲ್ಲ, ನಾವು ಉಣ್ಣದೆ ಅವಳು ಹಾಕುವುದಿಲ್ಲ. ಬೆಳಿಗ್ಗೆ ಎದ್ದವಳೇ ಮಾದಪ್ಪನ ಗುಡಿಗೆ ಹೋಗಿ ಪೂಜಾರಿ ಗುರುಮಲ್ಲಯ್ಯನವರಿಂದ ಹೂವು ಕೇಳಿಸಿದೆ. ದೇವರ ಬಲಕ್ಕೆ ಬಿದ್ದರೆ ಹರಕೆ ಬಿಡಲು ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಬಹಳ ಹೊತ್ತು ಬೀಳಲೇ ಇಲ್ಲ. ಹಸಿವಿಗೆ ನಾನೇ ಬೀಳುವಂತಾಯಿತು. ಆಮೇಲೆ ಬಿತ್ತು, ನನ್ನ ಬಲಗೈ ಕಡೆಗೆ.

‘ಆಯ್ತು, ಒಪ್ಪಿದ’ ಎಂದು ಕೈ ಮುಗಿದೆ.

‘ಅದೆಂಗಾಯ್ತದೆ ಅಕ್ಕಾ, ನಿಮ್ಗೆ ಬಲ ಅಂದ್ರೆ ದೇವ್ರಿಗೆ ಎಡ ಅಲ್ವಾ?’ ಎಂದರು ಗುರುಮಲ್ಲಯ್ಯ.

‘ಅಯ್ನೋರೇ, ಇದು ಮೊದಲ್ನೇ ಅರ್ಧವೋ ಎರಡ್ನೇ ಅರ್ಧವೋ?’

ಅವರಿಗೆ ಏನೂ ಅರ್ಥವಾಗಲಿಲ್ಲ. ಗರ್ಭಗುಡಿಯ ಮುಂದೆ ಕೂತು ಮೊದಲಿನಿಂದ ಎಲ್ಲವನ್ನೂ ಹೇಳಿದೆ: ಮೇಲಂಚು, ಕೆಳಂಚು, ಶುಕ್ರವಾರ, ಶನಿವಾರ. ನಕ್ಕು ನಕ್ಕು ಅವರ ವಿಭೂತಿ ಬೆವರಿಗೆ ಕರಗಿತು. ಬಾಳೆಹಣ್ಣಿನ ಪ್ರಸಾದ ಕೈಗೆ ಹಾಕಿ, ‘ಮೊಮ್ಮಗು ಉಣ್ಣಿ ಅಂತ ಕೂತದೆ, ಮಾದಪ್ಪ ಉಣ್ಬ್ಯಾಡಿ ಅಂದಾನಾ? ಓಗಿ ಅಕ್ಕಾ, ಉಂಡ್ಕಳಿ’ ಎಂದರು.

ಮನೆಗೆ ಬಂದು ಉಂಡೆ. ಫೋನನ್ನು ಚೊಂಬಿಗೆ ಒರಗಿಸಿ, ಮಗು ನೋಡುತ್ತಿರುವ ಹಾಗೇ ಉಂಡೆ. ಮೊದಲ ತುತ್ತಿಗೆ ಅದು ಅತ್ತಿತು, ಎರಡನೆಯದಕ್ಕೆ ನಕ್ಕಿತು. ಮುದ್ದೆ ನಾಗರತ್ನ ತಿರುವಿದ್ದು. ಗಂಟಿತ್ತು. ನುಂಗಿದೆ.

ಈಗ ಉಳಿದಿರುವವರು ನೀವೊಬ್ಬರೇ. ಈ ಕಾಗದದ ಜೊತೆ ಮೂರು ಅಂತಸ್ತಿನ ಡಬ್ಬಿ ಬರುತ್ತಿದೆ. ಮಹದೇವ ನಗರಕ್ಕೆ ಹೋಗಿ ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರ್ ಬಸವಯ್ಯನ ಕೈಗೆ ಕೊಡುತ್ತಾನೆ. ಕೆಳಗಿನದರಲ್ಲಿ ಅವರೆಕಾಳು ಸಾರು, ನಡುವೆ ಅನ್ನ, ಮೇಲೆ ಒಬ್ಬಟ್ಟು. ತುಪ್ಪ ಬೇರೆ ಕಟ್ಟಿದೆ. ಆಮೇಲೆ ಉಣ್ಣುತ್ತೇನೆ ಎಂಬ ಮಾತು ಬೇಡ. ಬಸವಯ್ಯ ನಿಮ್ಮ ಎದುರಿಗೇ ನಿಂತಿರುತ್ತಾನೆ. ಡಬ್ಬಿ ಖಾಲಿಯಾದದ್ದನ್ನು ಕಣ್ಣಾರೆ ಕಾಣದೆ ಬಸ್ಸು ಹೊರಡಿಸಬೇಡ ಎಂದು ಹೇಳಿ ಕಳಿಸಿದ್ದೇನೆ. ಬಸ್ಸಿನ ತುಂಬ ಜನ ಇರುತ್ತಾರೆ, ಡ್ರೈವರ್ ಹಾರನ್ ಬಾರಿಸುತ್ತಾನೆ, ಬೇಕರಿಯವರೆಲ್ಲ ಹೊರಗೆ ಬಂದು ನೋಡುತ್ತಾರೆ. ನೋಡಲಿ.

ಬೇಗ ಬೇಗ ಉಣ್ಣಿ ಬೀಗರೇ. ಅಲ್ಲಿ ಹುಡುಗಿ ಪೆನ್ನಿನ ಕ್ಯಾಪು ತೆಗೆದು ಕೂತಿದೆ.

ಶಿವರುದ್ರಮ್ಮ